ಪುಟದಂಚು

ಟುವೂಂಬಾ. ಬೆಟ್ಟ ಮುಗಿದು ಬಯಲು ಹುಟ್ಟುವ
ಅಂಚಿನ ಊರು.
ಗುರುವಾರ ನಾಲ್ಕಕ್ಕೆ ಲೈಬ್ರರಿಯ ಮೂಲೆಯಲ್ಲಿ
ಆರು ಕುರ್ಚಿ ಎಳೆದು ಹಾಕುತ್ತೇನೆ,
ಬರುವುದು ನಾಲ್ಕೇ ಮಂದಿ ಎಂದು ಗೊತ್ತಿದ್ದೂ.
ಉಳಿದೆರಡರ ಮೇಲೆ ಅವರ ಬ್ಯಾಗುಗಳು ಕೂರುತ್ತವೆ.

ಈ ತಿಂಗಳ ಪುಸ್ತಕಕ್ಕೆ ನೀಲಿ ರಟ್ಟು,
ರಟ್ಟಿನ ಮೇಲೆ ಕಲ್ಲಿನ ಕಟ್ಟಡ, ಒಂದೇ ಕಿಟಕಿಗೆ ಬೆಳಕು.
ಬೋರ್ಡಿಂಗ್ ಶಾಲೆಗೆ ಬಂದುಬಿದ್ದ ಹುಡುಗಿ
ರಾತ್ರಿ ಮಾಡು ಹತ್ತುತ್ತಾಳೆ, ಗುಟ್ಟೊಂದನ್ನು ಕಾಯುತ್ತಾಳೆ,
ಗೆಳತಿಯನ್ನು ಕಳೆದುಕೊಂಡು, ಕ್ಷಮಿಸಿ,
ಮುನ್ನೂರ ಹನ್ನೆರಡನೇ ಪುಟದಲ್ಲಿ ದೊಡ್ಡವಳಾಗುತ್ತಾಳೆ.

ಇಮೋಜನ್ ಮೊದಲು. ಯಾವಾಗಲೂ ಅವಳೇ ಮೊದಲು.
"ಅತ್ತೇಬಿಟ್ಟೆ, ಮಿಸ್. ಬಸ್ಸಿನಲ್ಲೇ.
ಡ್ರೈವರ್ ಟಿಶ್ಯೂ ಕೊಟ್ಟ.
ಐದಕ್ಕೆ ಐದು. ಆರಿದ್ದರೆ ಆರು."

ಫ್ಲೆಚರ್ ಕುರ್ಚಿಯ ಹಿಂಗಾಲ ಮೇಲೆ ತೂಗುತ್ತಿದ್ದಾನೆ.
ಅವನು ನಿಜದ ಬೋರ್ಡರು,
ಮನೆ ಕನ್ನಮಲ್ಲಾದಾಚೆ, ಕುರಿಗಳ ನಡುವೆ.
"ಮುನ್ನೂರು ಪುಟದಲ್ಲಿ ಒಬ್ಬರೂ ಕಾಲುಚೀಲ ಒಗೆಯೋದಿಲ್ಲ.
ನಮ್ಮ ಡಾರ್ಮಿನಲ್ಲಿ ಗುಟ್ಟು ಅಂದರೆ
ಯಾರ ಟವೆಲ್ ಯಾರು ಕದ್ದರು ಅನ್ನೋದು.
ಒಂಬತ್ತಕ್ಕೆ ಫೋನು ಡಬ್ಬಿಯೊಳಗೆ.
ಮಾಡು ಹತ್ತಿದರೆ ಅಲಾರಾಂ ಕೂಗುತ್ತೆ,
ಅಪ್ಪ ಎಂಟು ಗಂಟೆ ಗಾಡಿ ಓಡಿಸಿಕೊಂಡು ಬರ್ತಾನೆ, ಬೈಯೋದಕ್ಕೆ.
ಎರಡು ಕೊಡ್ತೀನಿ. ಒಂದು ರಟ್ಟಿಗೆ, ಒಂದು ನಾಯಿಗೆ."

ನಾಯಿ ಚೆನ್ನಾಗಿತ್ತು ಎಂಬುದರಲ್ಲಿ ಮಾತ್ರ
ಸಭೆಗೆ ಭಿನ್ನಾಭಿಪ್ರಾಯವಿಲ್ಲ.

ಮಜೋಕ್ ಹನ್ನೊಂದು ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದಾನೆ,
ವಕೀಲನ ಹಾಗೆ.
"ಅಡುಗೆಯವಳು ಹದಿನಾಲ್ಕು ಸಲ ಬರ್ತಾಳೆ. ಎಣಿಸಿದ್ದೀನಿ.
ಸೂಪು, ಸೂಪು, ಬ್ರೆಡ್ಡು, ಸೂಪು.
ಒಂದು ಸಲವೂ ಹೆಸರಿಲ್ಲ.
ನಾಯಿಗಿದೆ."
ಅವನ ಅಮ್ಮನ ಕೆಲಸ ಯಾವ ಶಾಲೆಯ ಅಡುಗೆಮನೆಯಲ್ಲಿ
ಎಂಬುದು ನನಗೆ ಗೊತ್ತು.
ಫ್ಲೆಚರನಿಗೂ ಗೊತ್ತು.
ತೂಗುತ್ತಿದ್ದ ಕುರ್ಚಿ ಸದ್ದಿಲ್ಲದೆ
ನಾಲ್ಕೂ ಕಾಲೂರಿ ನಿಂತಿತು.

ಬೇರಿವಾನ್ ಈ ಪುಸ್ತಕ ಮೂರು ಸಲ ಒಯ್ದಿದ್ದಾಳೆ.
ಕೇಳಿದರೆ ಭುಜ ಹಾರಿಸುತ್ತಾಳೆ.
"ಕಥೆ ಸುಮಾರು. ನಾಲ್ಕನೇ ಪುಟ ಚೆನ್ನಾಗಿದೆ."
ನಾಲ್ಕನೇ ಪುಟದಲ್ಲಿ ಏನೂ ನಡೆಯುವುದಿಲ್ಲ.
ಒಂದು ಮಂಚ, ಮಡಿಸಿಟ್ಟ ಕಂಬಳಿ, ದೀಪ,
ಹೆಸರು ಬರೆದ ಲಾಕರು. ಅಷ್ಟೆ.
ಯಾಕೆ ಎಂದು ಯಾರೂ ಕೇಳಲಿಲ್ಲ.
ಇಮೋಜನ್ ಬಿಸ್ಕತ್ತಿನ ತಟ್ಟೆಯನ್ನು ಅವಳತ್ತ ತಳ್ಳಿದಳು.

"ನೀವು, ಮಿಸ್ ವಸು?"

ನಾನು ಗದಗಿನ ಹಾಸ್ಟೆಲಿನಲ್ಲಿ
ಐದು ವರ್ಷ ಟ್ರಂಕಿನ ಮೇಲೆ ಕೂತು ಓದಿದವಳು,
ಕೀಲಿಗೆ ದಾರ ಪೋಣಿಸಿ ಕೊರಳಿಗೆ ಕಟ್ಟಿಕೊಂಡವಳು,
ಅದನ್ನು ಕದ್ದಳೆಂದು ಕಸ್ತೂರಿ ಅಂಗಡಿಯ ಕೂಡ ಮಾತು ಬಿಟ್ಟವಳು.
"ಇನ್ನೂ ಮುಗಿಸಿಲ್ಲ" ಅಂದೆ.
ಎರಡು ಸಲ ಓದಿದ್ದೆ. ಎರಡು ಸಲವೂ
ಬೇರೆ ಬೇರೆ ಕಡೆ ಸಿಟ್ಟು ಬಂದಿತ್ತು.

ಐದೂವರೆಗೆ ಹೋದರು. ಹೊರಗೆ ಮಂಜು
ಕಾರುಗಳನ್ನು ಒಂದೊಂದಾಗಿ ನುಂಗುತ್ತಿತ್ತು.
ಬಿಸ್ಕತ್ತಿನ ಪುಡಿ ಒರೆಸಿ
ಮರಳಿ ಬಂದ ಪ್ರತಿಗಳ ಪುಟ ತಿರುವಿದೆ.
ಪೆನ್ಸಿಲ್ ಗುರುತು ಅಳಿಸುವುದಕ್ಕೂ ನನಗೆ ಸಂಬಳ.

ಇನ್ನೂರ ಆರನೇ ಪುಟದಂಚಿನಲ್ಲಿ: ಸುಳ್ಳು.
ಇನ್ನೂರ ಒಂಬತ್ತರಲ್ಲಿ: ಹೀಗೆ ಯಾರೂ ಕ್ಷಮಿಸುವುದಿಲ್ಲ.
ಕಾಗದ ಹರಿಯುವಷ್ಟು ಒತ್ತಿ, ಮತ್ತೆ: ಸುಳ್ಳು, ಸುಳ್ಳು.
ದುಂಡನೆಯ ಅಕ್ಷರ. ಮೀನಿನ ಗಾಳದಂತೆ
ಬಾಲ ಎಳೆದ ವೈ.
ಹಾಜರಿ ಹಾಳೆಯ ಮೊದಲ ಸಾಲಿನಲ್ಲಿ
ಪ್ರತಿ ಗುರುವಾರ ನೋಡುವ ವೈ.

ಐದಕ್ಕೆ ಐದು.
ಬಸ್ಸಿನಲ್ಲಿ ಅತ್ತದ್ದೂ ನಿಜವೇ ಇರಬೇಕು.

ಆರಕ್ಕೆ ಇಲ್ಲಿ ದೀಪಗಳು ತಾವಾಗಿ ಆರುತ್ತವೆ,
ಕಾದಂಬರಿಗಳ ಸಾಲಿನಿಂದ ಶುರು.
ಇನ್ನೂರ ಆರನ್ನು ಅಳಿಸಿದೆ.
ರಬ್ಬರಿನ ಕರಿ ಪುಡಿ ಊದಿದೆ.
ಇನ್ನೂರ ಒಂಬತ್ತರ ಅವಳ ಸಾಲಿನ ಕೆಳಗೆ,
ಈ ಊರಿನಲ್ಲಿ ಯಾರೂ ಓದಲಾರದ ಲಿಪಿಯಲ್ಲಿ,
ಸಣ್ಣಗೆ ಬರೆದೆ:
ನನಗೆ ಹನ್ನೊಂದು ವರ್ಷ ಹಿಡಿಯಿತು.